ಅದು ಯಾರ ಪುಸ್ತಕ ಅಂತ ನೋಡೋ ಕಣ್ಣು

ಹೋದ ತಿಂಗಳು ಒಂದು ಸಂಜೆ ಮೆಟ್ರೋದಲ್ಲಿ ಮನೆಗೆ ಬರ್ತಿದ್ದೆ. ಮೆಜೆಸ್ಟಿಕ್‌ನಲ್ಲಿ ಹತ್ತಿದ ರಶ್ಶು ಮಾಗಡಿ ರೋಡ್ ದಾಟಿದ್ರೂ ಕಮ್ಮಿ ಆಗಿರ್ಲಿಲ್ಲ, ಕಂಬಿ ಹಿಡ್ಕೊಂಡು ನಿಂತಿದ್ದೆ. ಎದುರುಗಡೆ ಬಾಗಿಲ ಪಕ್ಕ ಒರಗಿಕೊಂಡು ಒಬ್ಬ ಹುಡುಗ, ಇಪ್ಪತ್ತು ಇಪ್ಪತ್ತೊಂದು ಇರ್ಬಹುದು, ದಪ್ಪದೊಂದು ಪುಸ್ತಕ ಓದ್ತಿದ್ದ. ಇಡೀ ಬೋಗಿ ಮೊಬೈಲ್ ನೋಡ್ತಿರುವಾಗ ಅವನೊಬ್ಬ ಪುಸ್ತಕದಲ್ಲಿ ಮುಳುಗಿದಾನೆ. ಲೈಬ್ರರಿಯಲ್ಲಿ ಕೆಲಸ ಮಾಡೋಳು ನಾನು, ನನಗೆ ಖುಷಿ ಆಗ್ಬೇಕಿತ್ತು. ಆದ್ರೆ ನನ್ನ ಕಣ್ಣು ನೆಟ್ಟಗೆ ಹೋಗಿದ್ದು ಪುಸ್ತಕದ ಬೆನ್ನಿಗೆ ಅಂಟಿಸಿದ್ದ ಬಿಳಿ ಲೇಬಲ್ ಮೇಲೆ. ಕಾಲ್ ನಂಬರ್ ಇದೆ, ಅಂದ್ರೆ ಲೈಬ್ರರಿ ಪುಸ್ತಕ. ಯಾವ ಲೈಬ್ರರಿದು? ನಮ್ದಾ? ಇಶ್ಯೂ ಮಾಡಿಸ್ಕೊಂಡಿದಾನಾ, ಹಾಗೇ ಬ್ಯಾಗಿಗೆ ಹಾಕ್ಕೊಂಡು ಬಂದಿದಾನಾ? ಅವನು ಪುಟ ತಿರುಗಿಸಿದಾಗೆಲ್ಲ ಎಲ್ಲಾದ್ರೂ ಸೀಲ್ ಕಾಣುತ್ತಾ ಅಂತ ಕತ್ತು ಉದ್ದ ಮಾಡಿ ನೋಡ್ದೆ. ಹೊಸಹಳ್ಳಿ ಹತ್ತಿರ ಬಂದಾಗ ಅವನು ಕೈ ಬದಲಾಯಿಸಿದ, ಲೇಬಲ್ ಪೂರ್ತಿ ಕಾಣಿಸ್ತು, ನಮ್ಮ ಲೇಬಲ್ಲಿಗೆ ಇರೋ ಕೆಂಪು ಪಟ್ಟಿ ಇರ್ಲಿಲ್ಲ. ಸದ್ಯ ನಮ್ದಲ್ಲ ಅಂತ ನಿಟ್ಟುಸಿರು ಬಿಟ್ಟು ವಿಜಯನಗರದಲ್ಲಿ ಇಳಿದೆ.

ರಾತ್ರಿ ಊಟಕ್ಕೆ ತಟ್ಟೆ ಇಡುವಾಗ ತಟ್ಟಂತ ಹೊಳೀತು, ಆ ಹುಡುಗ ಏನು ಓದ್ತಿದ್ದ ಅಂತ ನಾನು ನೋಡ್ಲೇ ಇಲ್ಲ. ನಾಲ್ಕು ಸ್ಟೇಷನ್ ಉದ್ದಕ್ಕೂ ಆ ಪುಸ್ತಕಾನೇ ದಿಟ್ಟಿಸಿ ನೋಡಿದೀನಿ, ಹೆಸರು ಓದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಬಸ್ಸಲ್ಲಿ ಯಾರ ಕೈಯಲ್ಲಿ ಪುಸ್ತಕ ಕಂಡ್ರೂ ಹೆಸರು ಓದೋ ಹುಚ್ಚಿತ್ತು ನನಗೆ, ಮುಖಪುಟ ಕಾಣದೇ ಇದ್ರೆ ಕೇಳೇ ಬಿಡ್ತಿದ್ದೆ. ಆ ಕಣ್ಣು ಯಾವಾಗ ಈ ಕಣ್ಣಾಯ್ತು ಅಂತ ಅವತ್ತಿಂದ ಯೋಚ್ನೆ ಮಾಡ್ತಾನೇ ಇದೀನಿ.

"ಲೈಬ್ರರಿಯಲ್ಲಿ ಏನ್ರೀ ಟೆನ್ಶನ್"

ನಂಟರ ಮದುವೆಗಳಲ್ಲಿ, ಗೃಹಪ್ರವೇಶಗಳಲ್ಲಿ ಕೇಳಿ ಕೇಳಿ ಸಾಕಾಗಿರೋ ಮಾತು ಇದು. ನಿಮ್ದು ಆರಾಮ್ ಕೆಲ್ಸ, ಫ್ಯಾನ್ ಕೆಳಗೆ ಕೂತ್ಕೊಂಡು ಪುಸ್ತಕ ಓದ್ಕೊಂಡಿರೋದು. ಯಾರೂ ಕೆಟ್ಟ ಮನಸ್ಸಿಂದ ಹೇಳಲ್ಲ, ಅದು ಗೊತ್ತು, ಆದ್ರೂ ಚುಚ್ಚುತ್ತೆ. ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಗೆ ಮಂಜೂರಾದ ಹುದ್ದೆ 22, ಈಗ ಇರೋದು 7 ಜನ, ಅದರಲ್ಲಿ 4 ಜನ ಏಜೆನ್ಸಿ ಮೂಲಕ ಬಂದಿರೋ ಗುತ್ತಿಗೆಯವರು. ಪುಸ್ತಕ ಒಂದು ಲಕ್ಷದ ಮೇಲಿದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಯುಜಿಸಿಯ ವೇತನದ ಪ್ರಕಾರ ಅಸಿಸ್ಟೆಂಟ್ ಲೈಬ್ರರಿಯನ್ನೂ ಅಸಿಸ್ಟೆಂಟ್ ಪ್ರೊಫೆಸರ್ರೂ ಒಂದೇ ಲೆವೆಲ್ಲು, ಆದ್ರೆ ರಜೆ ವಿಷಯ ಬಂದಾಗ ನಾವು ಬೋಧಕೇತರರು, ಪರೀಕ್ಷೆ ಡ್ಯೂಟಿ ಹಾಕುವಾಗ ಬೋಧಕರು. ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯೋ ನ್ಯಾಕ್ ತಂಡ ಬರುತ್ತೆ ಅಂದಾಗ ದಿನಕ್ಕೆ ಎಷ್ಟು ಜನ ಲೈಬ್ರರಿಗೆ ಬರ್ತಾರೆ ಅನ್ನೋ ಲೆಕ್ಕ ಕೊಡ್ಬೇಕಿತ್ತು, ಗೇಟ್ ರಿಜಿಸ್ಟರ್ ಇಟ್ಕೊಂಡು ರಾತ್ರಿ ಎಂಟೂವರೆವರೆಗೂ ಕೂತು ಕೂಡಿದ ದಿನಗಳಿವೆ. 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್ ಅನ್ನೋ ಕೇಂದ್ರದ ಯೋಜನೆ ಬಂದು 30 ಪಬ್ಲಿಷರ್‌ಗಳ ಹದಿಮೂರು ಸಾವಿರದಷ್ಟು ಜರ್ನಲ್ ಒಟ್ಟಿಗೇ ಸಿಗೋ ಹಾಗಾಯ್ತು, ನಿಜಕ್ಕೂ ದೊಡ್ಡ ವಿಷಯ, ನನಗಂತೂ ಅವತ್ತು ಹಬ್ಬ ಅನ್ನಿಸ್ತು, ಆದ್ರೆ ಹಾಸ್ಟೆಲಿಂದ ಲಾಗಿನ್ ಆಗ್ತಿಲ್ಲ ಅನ್ನೋ ಫೋನೆಲ್ಲ ಬರೋದು ನನ್ನ ಮೊಬೈಲಿಗೇ. ಇನ್ನು ರೀಡಿಂಗ್ ರೂಮಿನ ಜಗಳ ಬೇರೆ, ಪ್ಲಗ್ ಪಾಯಿಂಟಿಗೆ, ಫ್ಯಾನ್ ಕೆಳಗಿನ ಸೀಟಿಗೆ, ಬೆಳಿಗ್ಗೆ ಎಂಟಕ್ಕೇ ಬ್ಯಾಗ್ ಇಟ್ಟು ಸೀಟ್ ಹಿಡಿಯೋ ಕೆಎಎಸ್ ಓದೋ ಹುಡುಗರಿಗೂ ಎಂಎ ಮಕ್ಕಳಿಗೂ.

ಇಷ್ಟೆಲ್ಲ ಹೇಳಿದ್ರೂ ನನ್ನ ಒತ್ತಡ ಇದಲ್ಲ. ಕೆಲಸ ಜಾಸ್ತಿ ಆದ್ರೆ ಸುಸ್ತಾಗುತ್ತೆ, ಭಾನುವಾರ ಮಧ್ಯಾಹ್ನ ಎರಡು ಗಂಟೆ ಮಲಗಿದ್ರೆ ಸುಸ್ತು ಹೋಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಬರ್ನ್‌ಔಟ್ ಅನ್ನೋದಕ್ಕೆ ಒಂದು ವಿವರಣೆ ಕೊಟ್ರು, ಅದು ಕಾಯಿಲೆ ಅಲ್ಲ, ಕೆಲಸದ ಜಾಗದಲ್ಲಿ ಹುಟ್ಟೋ ಸ್ಥಿತಿ ಅಂತ, ಅದಕ್ಕೆ ಮೂರು ಲಕ್ಷಣ ಹೇಳಿದಾರೆ. ಒಂದು ಸುಸ್ತು, ಎರಡು ಮಾಡೋ ಕೆಲಸದಿಂದ ಮನಸ್ಸು ದೂರ ಸರಿಯೋದು, ಮೂರು ನನ್ನ ಕೈಲಿ ಏನೂ ಆಗ್ತಿಲ್ಲ ಅನ್ನಿಸೋದು. ಓದ್ತಿದ್ದ ಹಾಗೆ ಎರಡನೇದರ ಹತ್ತಿರ ನಿಂತುಬಿಟ್ಟೆ. ಮೆಟ್ರೋದಲ್ಲಿ ಆಗಿದ್ದು ಅದೇ. ಪುಸ್ತಕ ಕೊಡೋಕೆ ಅಂತ ಈ ಕೆಲಸಕ್ಕೆ ಬಂದೋಳು ಪುಸ್ತಕ ಕಾಯೋಳಾಗಿಬಿಟ್ಟಿದೀನಿ. ಎಳೆದಾಟ ಇರೋದು ಅಲ್ಲಿ.

ಮೇ ತಿಂಗಳ ಎಣಿಕೆ

ಲೈಬ್ರರಿಯವರಿಗೆ ಇದನ್ನ ವಿವರಿಸ್ಬೇಕಾಗಿಲ್ಲ, ಪುಸ್ತಕ ಎಲ್ಲ ಇದೆಯಾ ಅಂತ ಎಣಿಸೋ ಸ್ಟಾಕ್ ವೆರಿಫಿಕೇಶನ್ ಅಂದ್ರೆ ಸಾಕು ಮುಖ ಬಾಡುತ್ತೆ. ರಜೆಯಲ್ಲಿ ಮಾಡ್ತೀವಿ, ಮಕ್ಕಳಿರಲ್ಲ ಅಂತ. ಸ್ಟ್ಯಾಕ್ ರೂಮಲ್ಲಿ ಫ್ಯಾನ್ ಹಾಕೋ ಹಾಗಿಲ್ಲ, ಧೂಳು ಎದ್ದು ಉಸಿರು ಕಟ್ಟುತ್ತೆ, ಮೂಗಿಗೆ ಕರ್ಚೀಫ್ ಕಟ್ಕೊಂಡು, ನುಸಿಗುಳಿಗೆ ವಾಸನೆ ನಡುವೆ, ಏಣಿ ಮೇಲೆ ಅಟೆಂಡರ್ ಅಣ್ಣ, ಕೆಳಗೆ ಸ್ಟೂಲ್ ಮೇಲೆ ನಾನು. ಬಾರ್‌ಕೋಡ್ ಇರೋದಕ್ಕೆಲ್ಲ ಸ್ಕ್ಯಾನರ್ ಇದೆ, ಹಳೇ ಪುಸ್ತಕಗಳಿಗೆ ಬಾರ್‌ಕೋಡ್ ಉದುರಿಹೋಗಿದೆ, ಹಂಗಾಗಿ ಅವರು ಅಕ್ಸೆಶನ್ ನಂಬರ್, ಅಂದ್ರೆ ಲೈಬ್ರರಿಗೆ ಬಂದಾಗ ಪ್ರತಿ ಪುಸ್ತಕಕ್ಕೂ ಕೊಡೋ ಕ್ರಮಸಂಖ್ಯೆ, ಕೂಗೋದು, ನಾನು ಪಟ್ಟಿಯಲ್ಲಿ ಟಿಕ್ ಹಾಕೋದು. ಕೆಲವಕ್ಕೆ ಮೊದಲ ಪುಟಾನೇ ಇರಲ್ಲ, ಆಗ ಸೀಕ್ರೆಟ್ ಪೇಜ್ ತೆಗೀಬೇಕು. ಪ್ರತಿ ಲೈಬ್ರರಿಯಲ್ಲೂ ಒಂದು ಪುಟ ಗೊತ್ತು ಮಾಡ್ಕೊಂಡಿರ್ತಾರೆ, ಪ್ರತಿ ಪುಸ್ತಕದ ಆ ಪುಟದಲ್ಲೂ ಸೀಲ್ ಹಾಕಿ ನಂಬರ್ ಬರೆದಿರ್ತಾರೆ, ಹೊರಗಿನವರಿಗೆ ಅದು ಗೊತ್ತಿರಲ್ಲ. ನಮ್ದು ಯಾವುದು ಅಂತ ಇಲ್ಲಿ ಬರೆಯಲ್ಲ. ನನ್ನ ಮೊದಲ ಮೇಲಧಿಕಾರಿ ಅದನ್ನ ನನ್ನ ಕಿವಿಯಲ್ಲಿ ಹೇಳಿದ್ರು, ಮಂತ್ರ ಹೇಳಿದ ಹಾಗೆ, ನನಗೆ ಆಗ ಎಷ್ಟು ಹೆಮ್ಮೆ ಆಗಿತ್ತು ಅಂದ್ರೆ ಮನೆಗೆ ಹೋಗಿ ಅಮ್ಮನಿಗೂ ಹೇಳಿರ್ಲಿಲ್ಲ.

ನಲ್ವತ್ತೆಂಟು ಸಾವಿರದ ಇನ್ನೂರ ಹದಿನಾಲ್ಕು, ಹದಿನೈದು, ಆಮೇಲೆ ಹದಿನೇಳು. ಮಧ್ಯದ ಒಂದು ಇಲ್ಲ ಅಂದಾಗ ಆ ಅಣ್ಣ ಸುಮ್ಮನಾಗ್ತಾರೆ. ಅಕ್ಕಪಕ್ಕ, ಹಿಂದೆ, ಮೇಲಿನ ರ‍್ಯಾಕು ಎಲ್ಲ ಕೈಯಾಡಿಸ್ತಾರೆ. "ಇನ್ನೊಂದ್ ಸಲ ನೋಡ್ತೀನಿ ಮೇಡಂ, ಎಲ್ಲೋ ಸೇರ್ಕೊಂಡಿರುತ್ತೆ." ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಬೇರೆಯವರಿಗೆ ಸಿಗದೇ ಇರ್ಲಿ ಅಂತ ಕಾಮರ್ಸ್ ಪುಸ್ತಕಾನ ಸಂಸ್ಕೃತದ ರ‍್ಯಾಕಲ್ಲಿ ಬಚ್ಚಿಡ್ತಾರೆ, ಅದು ನಮಗೆಲ್ಲ ಗೊತ್ತು, ಹಂಗಾಗಿ ಒಂದು ಆಸೆ ಯಾವಾಗ್ಲೂ ಇರುತ್ತೆ. ಎರಡು ವರ್ಷದ ಹಿಂದಿನ ಎಣಿಕೆಯಲ್ಲಿ ಸಂಜೆ ನಾಲ್ಕರ ಹೊತ್ತಿಗೆ, ಅವತ್ತು ಇಲ್ಲದವು ಹನ್ನೊಂದಾಗಿದ್ವು, ಅವರು ಏಣಿಯಿಂದ ಇಳಿದು ಕೈ ಒರೆಸ್ಕೊಂಡು ಮೆಲ್ಲಗೆ ಕೇಳಿದ್ರು, "ಇದನ್ನ ನಮ್ ಸಂಬಳದಲ್ಲಿ ಹಿಡೀತಾರಾ ಮೇಡಂ?" ಅವರ ಕೈಗೆ ಬರೋ ಸಂಬಳ ಎಷ್ಟು ಅಂತ ನನಗೆ ಗೊತ್ತು. ಇಲ್ಲ ಅಣ್ಣ, ನಿಮಗೇನೂ ಆಗಲ್ಲ ಅಂದೆ. ಅವರು ನಂಬಿದ ಹಾಗೆ ತಲೆ ಆಡಿಸಿ ಮತ್ತೆ ಏಣಿ ಹತ್ತಿದ್ರು. ಮಾರನೇ ದಿನ ಅರ್ಧ ಗಂಟೆ ಮುಂಚೆ ಬಂದು ಆ ಹನ್ನೊಂದಕ್ಕೂ ಒಬ್ಬರೇ ಹುಡುಕ್ತಿದ್ರು, ನಾನು ಬಂದಾಗ ಮಂಡಿ ಊರಿ ಕೆಳಗಿನ ಸಾಲಿನ ಹಿಂದೆ ಟಾರ್ಚ್ ಬಿಡ್ತಿದ್ರು.

ಇಲ್ಲೊಂದು ವಿಷಯ ಹೇಳ್ಬೇಕು, ಯಾಕಂದ್ರೆ ಆಡಳಿತದವರೇ ಎಷ್ಟೋ ಜನ ಇದನ್ನ ಓದಿರಲ್ಲ. ಕೇಂದ್ರ ಸರ್ಕಾರದ ಜನರಲ್ ಫೈನಾನ್ಶಿಯಲ್ ರೂಲ್ಸ್ 2017ರಲ್ಲಿ 215ನೇ ನಿಯಮ ಇದೆ. ಇಪ್ಪತ್ತು ಸಾವಿರದವರೆಗೆ ಪುಸ್ತಕ ಇದ್ರೆ ಪ್ರತಿ ವರ್ಷ ಪೂರ್ತಿ ಎಣಿಸ್ಬೇಕು, ಐವತ್ತು ಸಾವಿರದವರೆಗೆ ಮೂರು ವರ್ಷಕ್ಕೊಮ್ಮೆ, ಅದಕ್ಕಿಂತ ಜಾಸ್ತಿ ಇದ್ರೆ ಮೂರು ವರ್ಷದೊಳಗೆ ಒಂದು ಸ್ಯಾಂಪಲ್ ನೋಡಿದ್ರೆ ಸಾಕು, ವಿಪರೀತ ಕಮ್ಮಿ ಕಂಡ್ರೆ ಮಾತ್ರ ಪೂರ್ತಿ ಎಣಿಕೆ. ಮುಖ್ಯವಾದ್ದು ಇದು, ವರ್ಷಕ್ಕೆ ಇಶ್ಯೂ ಆದ ಅಥವಾ ಓದೋಕೆ ತೆಗೆದ ಪ್ರತಿ ಸಾವಿರ ಪುಸ್ತಕಕ್ಕೆ 5 ಕಳೆದುಹೋದ್ರೆ ಅದು ಸಹಜ ಅಂತ ಆ ನಿಯಮಾನೇ ಹೇಳುತ್ತೆ, ಮೋಸ ಅಥವಾ ನಿರ್ಲಕ್ಷ್ಯ ಇರಬಾರದು ಅಷ್ಟೆ. ಸಾವಿರ ರೂಪಾಯಿಗಿಂತ ಜಾಸ್ತಿ ಬೆಲೆಯದು ಅಥವಾ ಅಪರೂಪದ ಪುಸ್ತಕ ಹೋದ್ರೆ ಮಾತ್ರ ವಿಚಾರಣೆ ಆಗ್ಲೇಬೇಕು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಇದು ನೇರವಾಗಿ ಅನ್ವಯಿಸಲ್ಲ, ಆದ್ರೆ ಲೈಬ್ರರಿ ಕಮಿಟಿಗಳಲ್ಲಿ ಎಲ್ರೂ ಉದಾಹರಣೆ ಕೊಡೋದು ಇದನ್ನೇ. ಈಗ ನಮ್ಮ ಲೆಕ್ಕ ಹಾಕಿ, ವರ್ಷಕ್ಕೆ ನಲ್ವತ್ತು ಸಾವಿರ ಇಶ್ಯೂ ಆದ್ರೆ 200 ಪುಸ್ತಕ ಹೋದ್ರೂ ಸಹಜ. ನಮ್ದು ಆರು ವರ್ಷಕ್ಕೆ ಸೇರಿ 312. ಅಂದ್ರೆ ನಾವು ತುಂಬಾ ಚೆನ್ನಾಗಿ ನೋಡ್ಕೊಂಡಿದೀವಿ ಅಂತ ಅರ್ಥ. ಆದ್ರೆ ಆಡಿಟ್‌ನವರ ಆಕ್ಷೇಪಣೆಯ ಪ್ಯಾರಾದಲ್ಲಿ ಈ ಲೆಕ್ಕ ಇರಲ್ಲ, 312 ಅನ್ನೋ ಒಂದು ಸಂಖ್ಯೆ ಇರುತ್ತೆ, ಅದರ ಮುಂದೆ ಜವಾಬ್ದಾರರು ಯಾರು ಅನ್ನೋ ಪ್ರಶ್ನೆ ಇರುತ್ತೆ.

ಸರ್ ಕಟ್ಟಿದ ದುಡ್ಡು

ಸೀಕ್ರೆಟ್ ಪೇಜ್ ಹೇಳಿಕೊಟ್ಟ ಅದೇ ಸರ್ ರಿಟೈರ್ ಆಗಿ ಈಗ ನಾಲ್ಕು ವರ್ಷ ಆಯ್ತು. ಮೂವತ್ತೊಂದು ವರ್ಷ ಕೆಲಸ ಮಾಡಿದ್ರು. ಕಾರ್ಡ್ ಕ್ಯಾಟಲಾಗ್ ಇದ್ದ ಕಾಲದಿಂದ ಕಂಪ್ಯೂಟರ್ ಬರೋವರೆಗೂ ಪ್ರತಿಯೊಂದನ್ನೂ ಕಲಿತು, ಕಲಿಸಿ, ತಮ್ಮ ಕೈಬರಹದಲ್ಲಿ ಹದಿಮೂರು ಅಕ್ಸೆಶನ್ ರಿಜಿಸ್ಟರ್ ತುಂಬಿಸಿದಾರೆ. ಬೀಳ್ಕೊಡುಗೆ ದಿನ ಶಾಲು, ಹಾರ, ಫಲತಾಂಬೂಲ, ಒಳ್ಳೇ ಮಾತು ಎಲ್ಲ ಆಯ್ತು. ಅದಾದ ಮೇಲೆ ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಸರ್ಟಿಫಿಕೇಟ್ ಸಿಗ್ಲಿಲ್ಲ. ಅವರು ಚಾರ್ಜ್ ತಗೊಂಡ ಮೇಲೆ ಕಾಣೆಯಾದ ಪುಸ್ತಕಗಳ ಲೆಕ್ಕ ಸರಿ ಆಗೋವರೆಗೂ ಗ್ರಾಚ್ಯುಟಿ ಕಾಗದ ಮುಂದೆ ಹೋಗಲ್ಲ ಅಂದ್ರು. ಹದಿನಾಲ್ಕು ತಿಂಗಳು ಓಡಾಡಿದ್ರು. ನಾನು ಆ ಟೈಮಲ್ಲಿ ಅವರನ್ನ ನೋಡಿದೀನಿ, ಆಡಳಿತ ಕಚೇರಿ ಕಾರಿಡಾರಿನ ಬೆಂಚಲ್ಲಿ, ಒಂದು ಪ್ಲಾಸ್ಟಿಕ್ ಕವರಲ್ಲಿ ಫೈಲ್ ಇಟ್ಕೊಂಡು, ಇಸ್ತ್ರಿ ಮಾಡಿದ ಷರ್ಟ್ ಹಾಕ್ಕೊಂಡು ಕೂತಿರ್ತಿದ್ರು. ಲೈಬ್ರರಿ ಕಡೆ ಬರ್ತಿರ್ಲಿಲ್ಲ. ಕಾಫಿಗೆ ಬನ್ನಿ ಸರ್ ಅಂದ್ರೆ ಇವತ್ತು ಬೇಡಮ್ಮ ಅಂತಿದ್ರು. ಕೊನೆಗೆ ಕೆಲವು ರೈಟ್ ಆಫ್ ಆದ್ವು, ಅಂದ್ರೆ ಹೋದವು ಅಂತ ಬರೆದು ಲೆಕ್ಕದಿಂದ ತೆಗೆದ್ರು, ಉಳಿದ ಪುಸ್ತಕಗಳಿಗೆ ಈಗಿನ ಬೆಲೆ ಲೆಕ್ಕದಲ್ಲಿ ಕೈಯಿಂದ ದುಡ್ಡು ಕಟ್ಟಿದ್ರು.

ನನ್ನ ಜೊತೆ ಕೆಲಸ ಮಾಡೋರಲ್ಲಿ ಇದನ್ನ ನೋಡಿದ ಯಾರೂ ಮೊದಲಿನ ಹಾಗೆ ಉಳೀಲಿಲ್ಲ. ಒಬ್ಬರು ರೆಫರೆನ್ಸ್ ಸೆಕ್ಷನ್ನಿನ ಬೀರುಗಳಿಗೆ ಬೀಗ ಹಾಕಿಸಿದ್ರು. ಓಪನ್ ಆಕ್ಸೆಸ್ ಇದ್ದ, ಅಂದ್ರೆ ಓದೋರೇ ಕೈ ಹಾಕಿ ತಗೋಬಹುದಾಗಿದ್ದ, ಒಂದು ಇಡೀ ಸಾಲನ್ನ ನಾನೇ ಕೌಂಟರ್ ಹಿಂದಕ್ಕೆ ತರಿಸಿದೆ, ಕೇಳಿದ್ರೆ ತೆಗೆದುಕೊಡೋಣ ಅಂತ. ಯಾರೂ ಹೇಳಿರ್ಲಿಲ್ಲ, ನಾನೇ ಮಾಡಿದ್ದು. ಆ ಸೆಮೆಸ್ಟರಲ್ಲಿ ಆ ಸಾಲಿಂದ ಒಂದೂ ಪುಸ್ತಕ ಕಳೀಲಿಲ್ಲ. ಓದೋಕೆ ತಗೊಂಡಿದ್ದು ಕೂಡ ಬೆರಳೆಣಿಕೆಯಷ್ಟು, ಕಣ್ಣಿಗೇ ಬೀಳದ ಪುಸ್ತಕಾನ ಯಾರು ಕೇಳ್ತಾರೆ.

ಇಪ್ಪತ್ಮೂರು ಪರ್ಸೆಂಟ್

ಪುಸ್ತಕ ಕಾಯೋದು ಸಾಲದು ಅಂತ ಈಗ ವಾಕ್ಯಗಳನ್ನೂ ಕಾಯ್ತೀವಿ. ಯುಜಿಸಿ 2018ರಲ್ಲಿ ಕೃತಿಚೌರ್ಯದ ನಿಯಮ ತಂದ ಮೇಲೆ ಎಷ್ಟೋ ಕಡೆ ಥೀಸಿಸ್ ಚೆಕ್ ಮಾಡೋ ಕೆಲಸ ಲೈಬ್ರರಿಗೆ ಬಂತು. ಹೋಲಿಕೆ 10 ಪರ್ಸೆಂಟ್ ಒಳಗಿದ್ರೆ ತೊಂದರೆ ಇಲ್ಲ. 10ರಿಂದ 40ರವರೆಗೆ ಆದ್ರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡ್ಬೇಕು, 40 ದಾಟಿದ್ರೆ ಒಂದು ವರ್ಷ ಕೊಡೋ ಹಾಗಿಲ್ಲ, 60 ದಾಟಿದ್ರೆ ರಿಜಿಸ್ಟ್ರೇಶನ್ನೇ ರದ್ದು. ನಿಯಮ ಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಒಬ್ಬರ ಶ್ರಮ ಇನ್ನೊಬ್ಬರು ಕದಿಯೋದು ತಪ್ಪು.

ಒಂದು ಶುಕ್ರವಾರ ಚಿಕ್ಕಬಳ್ಳಾಪುರ ಕಡೆಯಿಂದ ಒಬ್ಬ ಹುಡುಗಿ ಬಂದ್ಲು. ಹುಡುಗಿ ಅಂತೀನಿ, ಮೂವತ್ನಾಲ್ಕು ವರ್ಷ, ಎರಡು ಮಕ್ಕಳ ತಾಯಿ, ಗೆಸ್ಟ್ ಲೆಕ್ಚರರ್, ಏಳು ವರ್ಷದಿಂದ ಪಿಎಚ್‌ಡಿ ಮಾಡ್ತಿದಾಳೆ, ಸೋಮವಾರ ಸಬ್ಮಿಟ್ ಮಾಡೋಕೆ ಕೊನೇ ದಿನ. ಪೆನ್‌ಡ್ರೈವಿಗೆ ಅರಿಶಿನದ ದಾರ ಕಟ್ಟಿದ್ಲು. ಸಾಫ್ಟ್‌ವೇರಿಗೆ ಹಾಕಿದೆ, 23 ಪರ್ಸೆಂಟ್ ಬಂತು. ಸ್ಕ್ರೀನ್ ಅವಳ ಕಡೆ ತಿರುಗಿಸ್ದೆ. ಅವಳು ಅಳ್ಲಿಲ್ಲ, ಟೇಬಲ್ ಅಂಚು ಗಟ್ಟಿಯಾಗಿ ಹಿಡ್ಕೊಂಡ್ಲು, ಉಗುರು ಬೆಳ್ಳಗಾಗಿದ್ದು ನನಗೆ ಕಾಣಿಸ್ತು. ಆಮೇಲೆ, "ಮೇಡಂ, ನೀವ್ ಮನಸ್ಸು ಮಾಡಿದ್ರೆ ಆಗುತ್ತೆ" ಅಂದ್ಲು. ಈ ಮಾತು ನನ್ನನ್ನ ಹಿಂಡಿಬಿಡುತ್ತೆ. ನಾನು ಮನಸ್ಸು ಮಾಡೋಕೆ ಅಲ್ಲಿ ಏನೂ ಇಲ್ಲ, ಬಟನ್ ಒತ್ತೋಳು ನಾನು ಅಷ್ಟೆ, ಆದ್ರೆ ಎದುರು ಕೂತವರಿಗೆ ಅವರ ಏಳು ವರ್ಷ ನನ್ನ ಕೈಲಿದೆ ಅನ್ನಿಸುತ್ತೆ. ಅವಳ ಗೈಡ್ ಫೋನ್ ಮಾಡಿ, ನಿಮ್ಮ ಸಾಫ್ಟ್‌ವೇರೇ ಸರಿ ಇಲ್ಲ ಅಂತ ನನಗೆ ಜೋರು ಮಾಡಿದ್ರು.

ರಿಪೋರ್ಟ್ ಪ್ರಿಂಟ್ ತೆಗೆದು ಒಂದೊಂದೇ ಬಣ್ಣ ನೋಡ್ತಾ ಹೋದ್ವಿ. ದೊಡ್ಡ ಭಾಗ ಅವಳೇ ಬರೆದು ಜರ್ನಲ್ಲಲ್ಲಿ ಪ್ರಕಟ ಮಾಡಿದ್ದ ಪೇಪರ್. ಅದನ್ನ ಗೈಡ್ ಸರ್ಟಿಫಿಕೇಟ್ ಕೊಟ್ರೆ ಬಿಡ್ಬಹುದು. ಇನ್ನೊಂದಷ್ಟು ಸಂಶೋಧನಾ ವಿಧಾನದ ಅಧ್ಯಾಯ, ಸ್ಯಾಂಪ್ಲಿಂಗ್ ಅಂದ್ರೇನು, ಇಂಟರ್‌ವ್ಯೂ ಅಂದ್ರೇನು ಅನ್ನೋ ವಾಕ್ಯಗಳು, ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ ಇಳಿಸಿದಾಳೆ, ಕೆಳಗೆ ಲೇಖಕರ ಹೆಸರೂ ಹಾಕಿದಾಳೆ, ಕೋಟ್ ಹಾಕಿಲ್ಲ. ಬೇರೆಯವರ ಮಾತನ್ನ ನಮ್ಮ ಮಾತಲ್ಲಿ ಹೇಗೆ ಹೇಳ್ಬೇಕು, ಎಲ್ಲಿ ಕೋಟ್ ಹಾಕ್ಬೇಕು ಅಂತ ಈ ಏಳು ವರ್ಷದಲ್ಲಿ ಯಾರೂ ಅವಳಿಗೆ ಕೂರಿಸಿ ಹೇಳಿಕೊಟ್ಟಿಲ್ಲ. ಅದು ನಮ್ಮ ಕೆಲಸ, ಲೈಬ್ರರಿ ಸೈನ್ಸ್ ಓದುವಾಗ ಕಲಿತಿದ್ದೇ ಅದು, ಓದೋರಿಗೆ ದಾರಿ ತೋರಿಸೋದು. ಏಳು ಜನ ಇರೋ ಲೈಬ್ರರಿಯಲ್ಲಿ ಮೊದಲನೇ ವರ್ಷ ಬಂದ ಸ್ಕಾಲರ್‌ಗಳಿಗೆ ಒಂದು ವಾರದ ಕ್ಲಾಸ್ ಮಾಡೋಕೆ ಆಗಲ್ಲ, ಕೊನೇ ಶುಕ್ರವಾರ ಪರ್ಸೆಂಟೇಜ್ ಹೇಳೋಕೆ ಆಗುತ್ತೆ. ಅವತ್ತು ಏಳೂವರೆವರೆಗೂ ಇಬ್ರೂ ಕೂತ್ವಿ, ಶನಿವಾರಾನೂ ಬಂದ್ಲು, ಅವಳ ಡಬ್ಬಿಯ ಅವರೆಕಾಳು ಉಪ್ಪಿಟ್ಟು ಇಬ್ರೂ ತಿಂದ್ವಿ. ಎರಡನೇ ಸಲ 12 ಬಂತು, ಮೂರನೇ ಸಲ 9. ಆ ಎರಡು ದಿನ ನಾನು ಮನೆಗೆ ತಡವಾಗಿ ಹೋದೆ, ಸೊಂಟ ನೋವು ಬಂತು, ಆದ್ರೆ ರಾತ್ರಿ ನಿದ್ದೆ ಬಂತು. ಸ್ಟಾಕ್ ವೆರಿಫಿಕೇಶನ್ ತಿಂಗಳಲ್ಲಿ ಐದು ಗಂಟೆಗೇ ಮನೆಗೆ ಹೋದ್ರೂ ಬರಲ್ಲ.

ರಂಗನಾಥನ್ ಇದ್ದ ಊರು

ನಮ್ಮ ದೇಶದ ಲೈಬ್ರರಿ ವಿಜ್ಞಾನದ ಪಿತಾಮಹ ಅನ್ನಿಸ್ಕೊಂಡ ಎಸ್. ಆರ್. ರಂಗನಾಥನ್ ಹೆಸರು ಹೇಳದೇ ಲೈಬ್ರರಿ ಬಗ್ಗೆ ಬರೆಯೋಕಾಗಲ್ಲ, ಅದ್ರಲ್ಲೂ ಬೆಂಗಳೂರಲ್ಲಿ ಕೂತು. 1962ರಲ್ಲಿ ಡಿಆರ್‌ಟಿಸಿ ಅನ್ನೋ ಲೈಬ್ರರಿ ವಿಜ್ಞಾನದ ಸಂಸ್ಥೆ ಶುರು ಮಾಡಿದ್ದು ಇಲ್ಲೇ, 1972ರಲ್ಲಿ ತೀರಿಕೊಂಡಿದ್ದೂ ಇಲ್ಲೇ, ಮೈಸೂರು ರಸ್ತೆಯ ಐಎಸ್‌ಐ (ಇಂಡಿಯನ್ ಸ್ಟಾಟಿಸ್ಟಿಕಲ್ ಇನ್ಸ್ಟಿಟ್ಯೂಟ್) ಕ್ಯಾಂಪಸ್ಸಲ್ಲಿ ಅವರ ಆ ಸಂಸ್ಥೆ ಇವತ್ತಿಗೂ ಇದೆ. ಪ್ರತಿ ಆಗಸ್ಟ್ 12ಕ್ಕೆ ಅವರ ಫೋಟೋಗೆ ಹಾರ ಹಾಕ್ತೀವಿ. ನನಗೆ ಇಷ್ಟ ಆಗೋದು ಅವರ ಶುರುವಿನ ದಿನಗಳ ಕಥೆ. ಗಣಿತದ ಮೇಷ್ಟ್ರಾಗಿದ್ದೋರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಲೈಬ್ರರಿಯನ್ ಆಗಿ ಬಂದ್ರು, ಬಂದ ಸ್ವಲ್ಪ ದಿನಕ್ಕೇ ಆ ಒಂಟಿತನ ತಡೆಯೋಕಾಗದೆ, ನನ್ನನ್ನ ವಾಪಸ್ ಪಾಠ ಮಾಡೋಕೆ ಕಳಿಸಿ ಅಂತ ಕೇಳ್ಕೊಂಡ್ರಂತೆ. ಮೊದಲು ಲಂಡನ್ನಿಗೆ ಹೋಗಿ ಓದಿ ಬನ್ನಿ, ಆಮೇಲೂ ಬೇಡ ಅನ್ಸಿದ್ರೆ ನೋಡೋಣ ಅಂತ ಕಳಿಸಿದ್ರು. ಅಲ್ಲಿ ಊರೂರಿನ ಲೈಬ್ರರಿಗಳನ್ನ, ಅಲ್ಲಿ ಜನ ಪುಸ್ತಕ ಬಳಸೋದನ್ನ ನೋಡಿ ಬಂದ ಮೇಲೆ ಈ ಕೆಲಸ ಬಿಡ್ಲಿಲ್ಲ. 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೇದೇ ಪುಸ್ತಕಗಳಿರೋದು ಬಳಕೆಗೆ ಅನ್ನೋದು. ಮಧ್ಯಕಾಲದ ಯುರೋಪಿನಲ್ಲಿ ಪುಸ್ತಕಗಳನ್ನ ಸರಪಳಿ ಹಾಕಿ ರ‍್ಯಾಕಿಗೆ ಕಟ್ಟಿಡ್ತಿದ್ರಲ್ಲ, ಆ ಸರಪಳಿ ಕಳಚಿದ್ದರ ಬಗ್ಗೆ ಅವರು ಬರೆದಿದ್ದನ್ನ ನಾನು ಬಿಎಲ್‌ಐಎಸ್‌ಸಿ ಅನ್ನೋ ಲೈಬ್ರರಿ ಸೈನ್ಸ್ ಡಿಗ್ರಿ ಓದುವಾಗ ಪರೀಕ್ಷೆಗೆ ಅಂತ ಉರು ಹೊಡೆದಿದ್ದೆ.

ಆ ಫೋಟೋಗೆ ಹಾರ ಹಾಕೋ ಕೈಯಲ್ಲೇ ನಾನು ಬೀರುವಿಗೆ ಬೀಗ ಹಾಕ್ತೀನಿ ಅನ್ನೋದು ನನಗೆ ತುಂಬಾ ನೋವಿನ ವಿಷಯ. ಒತ್ತಡ ನಿವಾರಣೆಗೆ ಅಂತ ನಮಗೆ ಒಂದು ದಿನದ ಯೋಗ ಶಿಬಿರ ಮಾಡಿದ್ರು, ಉಸಿರಾಟ ಹೇಳಿಕೊಟ್ರು, ಚೆನ್ನಾಗೇ ಇತ್ತು. ಆದ್ರೆ ನನಗೆ ಬೇಕಾಗಿರೋದು ಒಂದು ಆದೇಶ. ಸಾವಿರಕ್ಕೆ ಐದರ ಒಳಗಿದ್ರೆ ಆಯಾ ವರ್ಷಾನೇ ಲೈಬ್ರರಿ ಕಮಿಟಿ ಕೂತು ರೈಟ್ ಆಫ್ ಮಾಡ್ಬೇಕು, ರಿಟೈರ್ ಆಗೋ ದಿನದವರೆಗೂ ಒಬ್ಬರ ತಲೆ ಮೇಲೆ ಪೇರಿಸಬಾರದು, ಗ್ರಾಚ್ಯುಟಿಗೂ ಪುಸ್ತಕಕ್ಕೂ ಗಂಟು ಹಾಕಬಾರದು. ಇದಕ್ಕೆ ಹೊಸದಾಗಿ ಒಂದು ಪೈಸೆ ಖರ್ಚಿಲ್ಲ. ಕಮಿಟಿಗೆ ಎರಡು ಸಲ ಬರೆದು ಕೊಟ್ಟಿದೀನಿ, ಮೂರನೇ ಸಲ ಬರೀತಿದೀನಿ.

ಈ ಮೇ ತಿಂಗಳಲ್ಲಿ ಹಳೇ ಉಕ್ಕಿನ ರ‍್ಯಾಕ್ ಒಂದನ್ನ ಬಣ್ಣ ಬಳಿಯೋಕೆ ಅಂತ ಸರಿಸಿದಾಗ ಗೋಡೆಗೂ ರ‍್ಯಾಕಿಗೂ ಮಧ್ಯೆ ಒಂದು ಪುಸ್ತಕ ಬಿದ್ದಿತ್ತು. ಸ್ಟಾಟಿಸ್ಟಿಕ್ಸ್ ಪುಸ್ತಕ, 1978ರಲ್ಲಿ ಕೊಂಡಿದ್ದು, ಬೆಲೆ 35 ರೂಪಾಯಿ. ಅಟೆಂಡರ್ ಅಣ್ಣ ಧೂಳು ಕೊಡವಿ ಓಡ್ಕೊಂಡು ಬಂದು ಕೊಟ್ರು. ಸೀಕ್ರೆಟ್ ಪೇಜ್ ತೆಗೆದೆ, 48216, ಸರ್ ದುಡ್ಡು ಕಟ್ಟಿದ್ದ ಪಟ್ಟಿಯಲ್ಲಿ ಇರೋದು. ಫೋನ್ ಮಾಡ್ದೆ. ಸರ್, ನಿಮ್ಮ ಪಟ್ಟಿದೊಂದು ಪುಸ್ತಕ ಸಿಕ್ತು, ನಲ್ವತ್ತೆಂಟು ಇನ್ನೂರ ಹದಿನಾರು ಅಂದೆ ಅಷ್ಟೆ, ಅವರೇ ಪುಸ್ತಕದ ಹೆಸರು, ಲೇಖಕರ ಹೆಸರು, ಎಷ್ಟನೇ ಮುದ್ರಣ ಎಲ್ಲ ಹೇಳಿದ್ರು. ನಾಲ್ಕು ವರ್ಷದ ಮೇಲೆ. ಆಮೇಲೆ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಹಿಂದೆ ಕುಕ್ಕರ್ ಕೂಗ್ತಿತ್ತು. "ಅದನ್ನ ಹೊಸದಾಗಿ ಎಂಟ್ರಿ ಮಾಡ್ಬೇಡಮ್ಮ, ನಾಳೆ ಕಳೆದ್ರೆ ನಿನ್ನ ತಲೆ ಮೇಲೆ ಬರುತ್ತೆ" ಅಂದ್ರು.

ಅವರ ಮಾತು ಕೇಳಿದೀನಿ, ಎಂಟ್ರಿ ಮಾಡಿಲ್ಲ. ಪುಸ್ತಕ ನನ್ನ ಟೇಬಲ್ ಮೇಲೆ ಇಟ್ಕೊಂಡಿದೀನಿ, ಯಾರಾದ್ರೂ ಕೇಳಿದ್ರೆ ಕಾರ್ಡ್ ಕೇಳ್ದೆ, ಬರ್ಕೊಳ್ದೆ ಕೊಡ್ತೀನಿ. ಎರಡು ಸಲ ಹೋಗಿ ಬಂದಿದೆ. ಈಗ ಎಂಕಾಂ ಎರಡನೇ ವರ್ಷದ ಒಬ್ಬ ಹುಡುಗನ ಹತ್ರ ಇದೆ, ಇಂಟರ್ನಲ್ಸ್ ಮುಗಿಯೋವರೆಗೂ ಇರ್ಲಿ ಮೇಡಂ ಅಂದಿದಾನೆ.